ಗೊಂಬೆ ಯಾವಾಗ ಬರುತ್ತೆ ಸ್ವಾಮಿ?

ಕಳೆದ ಸಲ ಪಪೆಟ್ ರೆಪ್ಲಿಕಾ ಬಗ್ಗೆ ಒಂದೇ ಒಂದು ಪ್ರಶ್ನೆ ತಗೊಂಡಿದ್ದೆ, ಅಷ್ಟಕ್ಕೇ ಅಂಚೆ ಡಬ್ಬಿ ತುಂಬಿ ಹೋಯ್ತು. ಅರ್ಧ ಪತ್ರ ಬೆಲೆ ಬಗ್ಗೆ, ಇನ್ನರ್ಧ "ಯಾವಾಗ ಬರುತ್ತೆ" ಅಂತ, ಒಂದೆರಡು ಬರೀ ಬೈಗುಳ (ನನಗಲ್ಲ, ಕಂಪನಿಗಳಿಗೆ, ಅಂದ್ಕೋತೀನಿ). ಗೊತ್ತಿಲ್ಲದವರಿಗೆ ಒಂದು ಮಾತು: ಪಪೆಟ್ ರೆಪ್ಲಿಕಾ ಅಂದ್ರೆ ಮಕ್ಕಳ ಮೆತ್ತನೆ ಆಟಿಕೆ ಅಲ್ಲ, ಟೀವೀಲೋ ಸಿನಿಮಾದಲ್ಲೋ ಕಂಡ ಗೊಂಬೆನ ಅದೇ ಅಳತೆ, ಅದೇ ಬಣ್ಣ, ಅದೇ ಕಣ್ಣು ಇಟ್ಟು ದೊಡ್ಡೋರು ಶೋಕೇಸಲ್ಲಿ ಇಟ್ಕೊಳ್ಳಲಿ ಅಂತ ಮಾಡೋ ಪ್ರತಿ. ಕರ್ಮಿಟ್ ಕಪ್ಪೆ, ಗ್ರೆಮ್ಲಿನ್ಸ್ ಸಿನಿಮಾದ ಗಿಜ್ಮೋ, ಸ್ಟಾರ್ ವಾರ್ಸ್‌ನ ಯೋಡಾ, ಹಾರರ್ ಸಿನಿಮಾದ ಚಕ್ಕಿ, ಥಂಡರ್‌ಬರ್ಡ್ಸ್ ಅನ್ನೋ ಟೀವಿ ಸರಣಿಯ ಸೂತ್ರದ ಗೊಂಬೆಗಳು, ಇಂಥವು. ಈ ಸಲ ಪೂರ್ತಿ ಅಂಕಣ ಇವಕ್ಕೇ.

ಪ್ರಶ್ನೆ: ಬಟ್ಟೆ, ಸ್ಪಾಂಜು, ಎರಡು ಪ್ಲಾಸ್ಟಿಕ್ ಕಣ್ಣು. ಇಷ್ಟಕ್ಕೆ ಒಂದು ಒಳ್ಳೆ ಫೋನಿನ ಬೆಲೆ ಹೇಳ್ತಾರಲ್ಲ, ಇದು ಹಗಲು ದರೋಡೆ ಅಲ್ವಾ?
— ಜೇಬು ಹರಿದವ

ಉತ್ತರ: ದರೋಡೆ ಅನ್ನೋಕೆ ಮುಂಚೆ ಲೆಕ್ಕ ಹಾಕೋಣ ಬನ್ನಿ. ಅಂಗಡಿಲಿ ನೀವು ಕೊಡೋದು 100 ಅಂತಿಟ್ಕೊಳ್ಳಿ, ಯಾವ ದುಡ್ಡಾದ್ರೂ ಪರವಾಗಿಲ್ಲ. ಇದು ಅಂದಾಜಿನ ಲೆಕ್ಕ, ಗೊಂಬೆಯಿಂದ ಗೊಂಬೆಗೆ ಬದಲಾಗುತ್ತೆ, ಆದ್ರೆ ದುಡ್ಡು ಹರಿದು ಹೋಗೋ ದಾರಿ ಹೆಚ್ಚೂಕಮ್ಮಿ ಇದೇ. ಅಂಗಡಿಯವರದ್ದು 40. ಮಧ್ಯದ ಡಿಸ್ಟ್ರಿಬ್ಯೂಟರ್‌ದು 15. ಕಂಪನಿ ಕೈಗೆ ಬರೋದು 45, ಅದರಲ್ಲಿ ಪಾತ್ರದ ಹಕ್ಕು ಇರೋರಿಗೆ ರಾಯಲ್ಟಿ 6, ಡಬ್ಬ ಮತ್ತೆ ಹಡಗಿನ ಬಾಡಿಗೆ 5, ಫ್ಯಾಕ್ಟರಿಲಿ ಸಾಮಾನು ಕೂಲಿ ಎಲ್ಲಾ ಸೇರಿ 22. ಉಳಿಯೋದು 12. ಆ 12ರಲ್ಲೇ ಮೂಲ ಮೂರ್ತಿ ಮಾಡಿದ ಕಲಾವಿದರು, ಅಚ್ಚಿನ ಖರ್ಚು, ಆಫೀಸಿನ ಸಂಬಳ, ಕೆಟ್ಟುಹೋದ ಪೀಸುಗಳು, ಆಮೇಲೇನಾದ್ರೂ ಮಿಕ್ಕಿದ್ರೆ ಲಾಭ.

ಬಟ್ಟೆ ಸ್ಪಾಂಜು ಅಂದ್ರಲ್ಲ, ಅದು ನಿಜವೇ. 1955ರಲ್ಲಿ, ಮಪೆಟ್ ಅನ್ನೋ ಟೀವಿ ಗೊಂಬೆಗಳನ್ನ ಹುಟ್ಟುಹಾಕಿದ ಜಿಮ್ ಹೆನ್ಸನ್ ಮೊದಲನೇ ಕರ್ಮಿಟ್ ಮಾಡಿದ್ದು ಅವರಮ್ಮನ ಹಳೇ ಕೋಟು ಕತ್ತರಿಸಿ, ಕಣ್ಣಿಗೆ ಪಿಂಗ್‌ಪಾಂಗ್ ಚೆಂಡಿನ ಎರಡು ಹೋಳು. ಸಾಮಾನಿಗೆ ಆಗ್ಲೂ ಬೆಲೆ ಇರ್ಲಿಲ್ಲ, ಈಗ್ಲೂ ಅಂಥದ್ದೇನಿಲ್ಲ. ದುಡ್ಡು ಹೋಗೋದು ಕೈಕೆಲಸಕ್ಕೆ. ಮಪೆಟ್ ಗೊಂಬೆಗಳ ಮುಖದಲ್ಲಿ ಹೊಲಿಗೆ ಎಲ್ಲಿದೆ ಅಂತ ಹುಡುಕಿ ನೋಡಿ, ಸಿಗಲ್ಲ. ಹೆನ್ಸನ್ ಸ್ಟಿಚ್ ಅಂತಾನೇ ಹೆಸರು ಬಿದ್ದಿರೋ ಹೊಲಿಗೆ ಅದು, ಎರಡು ಅಂಚನ್ನ ಸೂಜಿಲಿ ಕೂಡಿಸಿ ಎಳೆದು ಬಿಗಿ ಮಾಡಿ ಆಮೇಲೆ ಫ್ಲೀಸ್ ಅನ್ನೋ ಮೆತ್ತನೆ ಬಟ್ಟೆಯ ನವಿರು ಎಳೆಗಳನ್ನ ಮೇಲಕ್ಕೆ ಕೆದರಿದ್ರೆ ಗೆರೆ ಮುಚ್ಚಿಹೋಗುತ್ತೆ. ಇದಕ್ಕೆ ಮಿಷನ್ ಇಲ್ಲ, ಒಬ್ರು ಕೂತ್ಕೊಂಡು ಮಾಡ್ಬೇಕು. ಫರ್ ಇರೋ ಗೊಂಬೆ ಆದ್ರೆ ಕೂದ್ಲು ಕತ್ತರಿಸೋದು ಬೇರೆ ಕೆಲಸ, ಚಕ್ಕಿ ಥರದ್ದಾದ್ರೆ ಮುಖದ ಬಣ್ಣ ಒಂದೊಂದಕ್ಕೂ ಕೈಯಲ್ಲೇ ಹಾಕ್ಬೇಕು.

ಇನ್ನೊಂದು, ಎಷ್ಟು ಪೀಸು ಮಾಡ್ತಾರೆ ಅನ್ನೋದು. ಅಚ್ಚು ಮಾಡಿಸೋಕೆ 20,000 ಖರ್ಚಾಯ್ತು ಅಂದ್ಕೊಳ್ಳಿ. 5000 ಗೊಂಬೆ ಮಾಡಿದ್ರೆ ಒಂದರ ತಲೆ ಮೇಲೆ 4 ಬೀಳುತ್ತೆ, 500 ಮಾಡಿದ್ರೆ 40. ಆಟಿಕೆ ಅಂಗಡಿ ಗೊಂಬೆಗೂ ಇದಕ್ಕೂ ಬೆಲೆಲಿ ಅಜಗಜಾಂತರ ಬರೋದು ಮುಖ್ಯವಾಗಿ ಇಲ್ಲೇ. ಅಂದ್ರೆ ನೀವು ಜಾಸ್ತಿ ಕೊಡ್ತಿರೋದಕ್ಕೆ ಒಂದು ಕಾರಣ ನಿಮ್ಮಂಥೋರು ಕಮ್ಮಿ ಇರೋದು, ಬೇಜಾರ್ ಮಾಡ್ಕೋಬೇಡಿ.

ಇಷ್ಟೆಲ್ಲಾ ಹೇಳಿದ ಮೇಲೂ ಕೆಲವು ಕಂಪನಿ ಬೆಲೆ ನೋಡಿದ್ರೆ ನನಗೂ ದರೋಡೆ ಅನ್ಸುತ್ತೆ. ಗುರುತು ಹಿಡಿಯೋಕೆ ನಾನು ನೋಡೋದು ಕೈ ಬೆರಳು ಮತ್ತೆ ಬಾಯಿ ಒಳಗಡೆ. ಮುಖ ಎಲ್ಲರೂ ಚೆನ್ನಾಗೇ ಮಾಡ್ತಾರೆ, ಫೋಟೋಲಿ ಕಾಣೋದು ಅದೇ ತಾನೇ. ಬಾಯಿ ಒಳಗೆ ಅಂಟು ಮೆತ್ತಿಕೊಂಡಿದ್ರೆ, ಬೆರಳ ತುದೀಲಿ ದಾರ ಇಣುಕ್ತಿದ್ರೆ ಆ ಬೆಲೆಗೆ ಅದು ಯೋಗ್ಯ ಅಲ್ಲ.

ಪ್ರಶ್ನೆ: ಕೈ ಒಳಗೆ ಹಾಕಿ ಆಡಿಸಬಹುದು ಅಂತ ಆಸೆ ಇಟ್ಕೊಂಡು ತರಿಸಿದೆ, ಒಳಗೆ ಕಂಬಿ ಇದೆ, ಕೈ ಹೋಗೋಕೆ ಜಾಗಾನೇ ಇಲ್ಲ. ಮೋಸ ಹೋದ್ನಾ?
— ಖಾಲಿ ಕೈ

ಉತ್ತರ: ಮೋಸ ಅಲ್ಲ, ಅದು ಫೋಟೋ ಪಪೆಟ್ ಮಾದರಿ. ಟೀವಿ ಗೊಂಬೆಗಳಲ್ಲಿ ಫೋಟೋಗೆ ಅಂತಾನೇ ಒಂದು ಬೇರೆ ಗೊಂಬೆ ಇಡೋದು ಹಳೇ ಅಭ್ಯಾಸ. ಅಮೆರಿಕದ ಹೌಡಿ ಡೂಡಿ ಅಂತ 1947ರಲ್ಲಿ ಶುರುವಾದ ಮಕ್ಕಳ ಕಾರ್ಯಕ್ರಮ ಇತ್ತಲ್ಲ, ಅದರ ಸೂತ್ರದ ಗೊಂಬೆಗೆ ಫೋಟೋ ಡೂಡಿ ಅಂತ ಒಬ್ಬ ಜೋಡಿ ಇದ್ದ, ಫೋಟೋ ತೆಗೆಯುವಾಗ ದಾರದ ಕಾಟ ಇರಬಾರದು ಅಂತ. ಮಪೆಟ್‌ಗಳಿಗೂ ಹಾಗೇ, ಒಳಗೆ ಬಗ್ಗೋ ಕಂಬಿ ಇಟ್ಟು ಬೇಕಾದ ಭಂಗಿಲಿ ನಿಲ್ಲೋ ಗೊಂಬೆ. 2000ದ ದಶಕದ ಮಧ್ಯದಲ್ಲಿ ಮಾಸ್ಟರ್ ರೆಪ್ಲಿಕಾಸ್ ಕಂಪನಿ ಕರ್ಮಿಟ್ ಗೊಂಬೆ ತಂದಾಗ ಅದಕ್ಕೆ ಹೆಸರೇ ಫೋಟೋ ಪಪೆಟ್ ರೆಪ್ಲಿಕಾ ಅಂತಿತ್ತು. ಶೋಕೇಸಿಗೆ ಇದೇ ವಾಸಿ, ಯಾಕಂದ್ರೆ ಕೈಗೊಂಬೆ ಒಳಗೆ ಕೈ ಇಲ್ಲದಿದ್ರೆ ಸೊರಗಿ ತಲೆ ತಗ್ಗಿಸಿ ಕೂರುತ್ತೆ, ನೋಡೋಕೆ ಸಂಕಟ. ಆದ್ರೆ ಆಡಿಸೋ ಆಸೆ ಇದ್ರೆ ವಿವರಣೆಲಿ "ಪೋಸಬಲ್" ಅಂತಿದ್ಯಾ "ವರ್ಕಿಂಗ್" ಅಂತಿದ್ಯಾ ಅಂತ ಓದಿ ಕೊಳ್ಳಿ. ಥಂಡರ್‌ಬರ್ಡ್ಸ್ ಗೊಂಬೆ ತಗೊಳೋರಿಗೂ ಇದೇ ಮಾತು: 1965ರ ಮೂಲ ಗೊಂಬೆಗಳ ತಲೆಯೊಳಗೆ ಸೊಲೆನಾಯ್ಡ್ (ಕರೆಂಟ್ ಹರಿದಾಗ ಎಳೆಯೋ ಸಣ್ಣ ಸುರುಳಿ) ಇತ್ತು, ರೆಕಾರ್ಡ್ ಮಾಡಿದ ಮಾತಿಗೆ ತಕ್ಕ ಹಾಗೆ ತುಟಿ ತಾನಾಗೇ ಆಡ್ತಿತ್ತು, ಅದನ್ನ ಒಳಗೆ ತೂರಿಸ್ಬೇಕು ಅಂತಾನೇ ಮೈಯ ಅಳತೆಗೆ ಹೋಲಿಸಿದ್ರೆ ತಲೆ ದೊಡ್ಡದಾಗಿದ್ದು. ರೆಪ್ಲಿಕಾ ತಗೊಳುವಾಗ ತಲೆ ದೊಡ್ಡದಿದೆ, ತುಟಿನೂ ಆಡುತ್ತೆ ಅಂತ ನೀವೇ ಅಂದ್ಕೋಬೇಡಿ, ಕೇಳಿ.

ಪ್ರಶ್ನೆ: ಫೋಟೋ ತೋರಿಸಿ ಅಡ್ವಾನ್ಸ್ ತಗೊಂಡು ನಾಲ್ಕು ಸಲ ದಿನಾಂಕ ಮುಂದಕ್ಕೆ ಹಾಕಿದ್ದಾರೆ. ಗೊಂಬೆ ರೆಡಿ ಇದೆಯಲ್ಲ ಫೋಟೋಲಿ, ಇನ್ನೇನು ಅದೇ ಥರ ಮಾಡಿ ಕಳ್ಸೋದು ತಾನೇ? ಕಾದು ಕಾದು ಕಣ್ಣು ಬೆಳ್ಳಗಾಯ್ತು.
— ಇನ್ನೂ ಕಾಯ್ತಿರೋಳು

ಉತ್ತರ: ಅಮ್ಮ, ಫೋಟೋಲಿ ಇರೋದು ಗೊಂಬೆ ಅಲ್ಲ, ಗೊಂಬೆಯ ಆಸೆ. ಅದು ಪ್ರೋಟೋಟೈಪ್, ಒಬ್ಬ ನುರಿತ ಕಲಾವಿದ ವಾರಗಟ್ಲೆ ಕೂತು ಮಾಡಿದ ಒಂದೇ ಒಂದು ಪೀಸು. ಎಷ್ಟೋ ಸಲ ಆ ಫೋಟೋ ಹಾಕೋದೇ ಎಷ್ಟು ಜನ ಆರ್ಡರ್ ಕೊಡ್ತಾರೆ ನೋಡೋಣ ಅಂತ, ಯಾಕಂದ್ರೆ ಫ್ಯಾಕ್ಟರಿಯವರು ಕನಿಷ್ಠ ಇಷ್ಟು ಪೀಸು ಅಂತ ಹೇಳಿರ್ತಾರೆ, ಅಷ್ಟು ಸೇರದೆ ಕೆಲಸ ಶುರುವಾಗಲ್ಲ. ಹೀಗಾಗಿ ನೀವು ಅಡ್ವಾನ್ಸ್ ಕಟ್ಟಿದ ದಿನ ಕೆಲಸ ಮುಗಿದಿರೋದು ಹಾಗಿರಲಿ, ಶುರುನೇ ಆಗಿರಲ್ಲ ಅನ್ನೋದು ಬಹಳ ಸಾಮಾನ್ಯ.

ಆಮೇಲೆ ಒಪ್ಪಿಗೆ ಅನ್ನೋ ದೊಡ್ಡ ಕಥೆ. ಮೂರ್ತಿ ಮಾಡಿ ಹಕ್ಕುದಾರರಿಗೆ ತೋರಿಸ್ಬೇಕು, ಅವರು ಮೂಗು ಸ್ವಲ್ಪ ಮೇಲೆ ಅಂತಾರೆ, ತಿದ್ದಿ ಮತ್ತೆ ಕಳಿಸ್ಬೇಕು. ಅದಾದ ಮೇಲೆ ಬಣ್ಣ ಹಾಕಿದ ಸ್ಯಾಂಪಲ್ಲಿಗೆ ಒಪ್ಪಿಗೆ, ಫ್ಯಾಕ್ಟರಿಲಿ ಅಚ್ಚಿಂದ ತೆಗೆದ ಮೊದಲ ಪೀಸಿಗೆ ಒಪ್ಪಿಗೆ, ಬಟ್ಟೆಗೆ ಒಪ್ಪಿಗೆ, ಡಬ್ಬದ ಮೇಲಿನ ಚಿತ್ರಕ್ಕೂ ಒಪ್ಪಿಗೆ. ಒಂದೊಂದು ಸುತ್ತು ಅಂದ್ರೆ ಸ್ಯಾಂಪಲ್ ಖುದ್ದಾಗಿ ಕೊರಿಯರಲ್ಲಿ ಸಮುದ್ರ ದಾಟಿ ಹೋಗಿ ಯಾರದ್ದೋ ಮೇಜಿನ ಮೇಲೆ ಕೂತು ವಾಪಸ್ ಬರೋದು. ಆ ಮೇಜಿನವರು ರಜೆ ಮೇಲೆ ಹೋಗಿದ್ರೆ ಮುಗೀತು. ನಟನ ಮುಖ ಇರೋ ಪ್ರತಿಮೆಗಳಿಗೆ ಆ ನಟರದ್ದೂ ಒಪ್ಪಿಗೆ ಬೇಕಾಗೋದುಂಟು, ಗೊಂಬೆಗೆ ಆ ಕಾಟ ಇಲ್ಲ ಅನ್ನೋದೊಂದೇ ಸಮಾಧಾನ.

ಗೊಂಬೆಗೆ ಇರೋ ವಿಶೇಷ ಕಾಟ ಬಟ್ಟೆ. ಪ್ಲಾಸ್ಟಿಕ್ ಪ್ರತಿಮೆಗೆ ಬಣ್ಣ ಕಲಸಿ ಹಚ್ಚಬಹುದು, ಬಟ್ಟೆಗೆ ಹಾಗಾಗಲ್ಲ. ಅದೇ ದಪ್ಪದ, ಅದೇ ನವಿರಿನ ಫ್ಲೀಸು ಬೇಕು, ಅದನ್ನ ಅದೇ ಹಸಿರಿಗೆ ಅದ್ದಿ ತೆಗೀಬೇಕು. ಒಂದು ಸಲ ಬಣ್ಣ ಅದ್ದಿದ ಬಟ್ಟೆ ಖರ್ಚಾಗಿ ಇನ್ನೊಂದು ಸಲ ಅದ್ದಿದ್ರೆ ಕೂದಲೆಳೆಯಷ್ಟು ಬೇರೆ ಬಂದೇ ಬರುತ್ತೆ, ತಲೆ ಒಂದು ಹಸಿರು ಕೈ ಇನ್ನೊಂದು ಹಸಿರು ಆದ್ರೆ ನೀವು ಸುಮ್ನೆ ಬಿಡ್ತೀರಾ? ಮಪೆಟ್‌ಗಳಿಗೆ ಬಳಸ್ತಿದ್ದ ಆಂಟ್ರಾನ್ ಫ್ಲೀಸ್ ಅನ್ನೋ ಬಟ್ಟೆಯ ತಯಾರಿಕೆನೇ ನಿಂತುಹೋಗಿ ಗೊಂಬೆ ಮಾಡೋರೆಲ್ಲ ಅದಕ್ಕೆ ಹತ್ತಿರದ್ದು ಯಾವುದು ಅಂತ ಹುಡುಕ್ಕೊಂಡು ಓಡಾಡಿದ್ದಿದೆ.

ಇಷ್ಟೂ ದಾಟಿ ಫ್ಯಾಕ್ಟರಿಗೆ ಬಂತು ಅಂದ್ಕೊಳ್ಳಿ, ಅಲ್ಲಿ 500 ಪೀಸಿನ ಆರ್ಡರ್ ಅಂದ್ರೆ ಚಿಕ್ಕ ಗಿರಾಕಿ. 50,000 ಆಟಿಕೆಯ ಆರ್ಡರ್ ಬಂದ್ರೆ ನಿಮ್ಮ ಕಪ್ಪೆ ಪಕ್ಕಕ್ಕೆ ಸರಿಯುತ್ತೆ. ಬಹುತೇಕ ಈ ಫ್ಯಾಕ್ಟರಿಗಳು ಚೀನಾದಲ್ಲಿರೋದು, ಅಲ್ಲಿ ಜನವರಿ ಕೊನೆ ಫೆಬ್ರವರಿ ಹೊತ್ತಿಗೆ ಚಾಂದ್ರಮಾನ ಹೊಸ ವರ್ಷ, ಎರಡು ಮೂರು ವಾರ ಎಲ್ಲಾ ಬಂದ್, ಊರಿಗೆ ಹೋದ ಕೆಲಸದವರಲ್ಲಿ ಎಷ್ಟೋ ಜನ ವಾಪಸ್ಸೇ ಬರಲ್ಲ, ಹೊಸಬರಿಗೆ ಕಲಿಸ್ಬೇಕು. ಅದಕ್ಕೇ ಯಾರಾದ್ರೂ "ವರ್ಷದ ಮೊದಲ ಮೂರು ತಿಂಗಳಲ್ಲಿ ಬಿಡುಗಡೆ" ಅಂತ ಬರೆದಿದ್ರೆ ನಾನು ಮನಸ್ಸಲ್ಲೇ ಮೇ ಜೂನ್ ಅಂತ ಓದ್ಕೋತೀನಿ. ಆಮೇಲೆ ಹಡಗು. ಏನೂ ತೊಂದ್ರೆ ಇಲ್ಲದಿದ್ರೂ ನಾಲ್ಕಾರು ವಾರ, ತೊಂದ್ರೆ ಇದ್ರೆ ದೇವ್ರೇ ಗತಿ. 2021ರ ಮಾರ್ಚಲ್ಲಿ ಎವರ್ ಗಿವನ್ ಅನ್ನೋ ಒಂದು ಹಡಗು ಸೂಯೆಜ್ ಕಾಲುವೇಲಿ ಅಡ್ಡ ಸಿಕ್ಕಿಕೊಂಡಿದ್ದು ಬರೀ ಆರು ದಿನ, ಅಷ್ಟಕ್ಕೇ ನೂರಾರು ಹಡಗು ಸಾಲು ನಿಂತಿದ್ದು ನೆನಪಿದೆಯಾ.

ಈಗ ಹೇಳಿ, ಇಷ್ಟು ಜನರ ಕೈ ದಾಟಿ ಬರೋದಕ್ಕೆ ಒಂದು ದಿನಾಂಕ ಅಂತ ಹಾಕಿದ್ರೆ ಅದು ದಿನಾಂಕನಾ? ಅಂಗಡಿಯವರ ಪಟ್ಟೀಲಿ ಆ ಜಾಗ ಖಾಲಿ ಬಿಡೋ ಹಾಗಿಲ್ಲ ಅಂತ ತುಂಬಿದ್ದು. ಕೇಳಬೇಕಾಗಿದ್ದು "ಯಾವಾಗ" ಅಂತಲ್ಲ, "ಈಗ ಯಾವ ಹಂತದಲ್ಲಿದೆ" ಅಂತ.

ಪ್ರಶ್ನೆ: ಹಂತ ಕೇಳಿದ್ರೆ "ಪ್ರೊಡಕ್ಷನ್‌ನಲ್ಲಿದೆ" ಅಂತ ಒಂದೇ ಮಾತು ಹೇಳ್ತಾರೆ. ಇದಕ್ಕೆ ಅರ್ಥ ಏನು? ಕ್ಯಾನ್ಸಲ್ ಮಾಡ್ಲಾ ಬೇಡ್ವಾ?
— ಅತ್ತ ದರಿ ಇತ್ತ ಪುಲಿ

ಉತ್ತರ: "ಪ್ರೊಡಕ್ಷನ್‌ನಲ್ಲಿದೆ" ಅನ್ನೋದು "ಹೊರಟಿದ್ದೀನಿ, ದಾರೀಲಿದ್ದೀನಿ" ಅನ್ನೋ ಫ್ರೆಂಡ್ ಮಾತಿನ ಥರ, ಇನ್ನೂ ಸ್ನಾನ ಆಗಿರಲ್ಲ. ಸರಿಯಾಗಿ ಕೇಳಿ: ಫ್ಯಾಕ್ಟರಿಯಿಂದ ಬಂದ ಸ್ಯಾಂಪಲ್ಲಿಗೆ ಹಕ್ಕುದಾರರ ಒಪ್ಪಿಗೆ ಸಿಕ್ಕಿದೆಯಾ? ಆ ಸ್ಯಾಂಪಲ್ಲಿನ ಫೋಟೋ ಇದೆಯಾ, ಮೊದಲು ತೋರಿಸಿದ ಪ್ರೋಟೋಟೈಪ್ ಫೋಟೋ ಅಲ್ಲ? ಸ್ಯಾಂಪಲ್ ಫೋಟೋ ಗುರುತು ಹಿಡಿಯೋದು ಸುಲಭ, ಬೆಳಕು ಕೆಟ್ಟದಾಗಿರುತ್ತೆ, ಹಿಂದೆ ಯಾರದ್ದೋ ಮೇಜು ಚೇರು ಕಾಣ್ತಿರುತ್ತೆ, ಪಕ್ಕದಲ್ಲಿ ಅಳತೆಗೋಲು ಇರುತ್ತೆ. ಸ್ಟುಡಿಯೋ ಬೆಳಕಲ್ಲಿ ಮಿಂಚ್ತಾ ಇದ್ರೆ ಇನ್ನೂ ಬಹಳ ದೂರ ಇದೆ. ಸ್ಯಾಂಪಲ್ ಒಪ್ಪಿಗೆ ಆಗಿದ್ರೆ ನಾನಾದ್ರೆ ಕಾಯ್ತೀನಿ. ಎರಡು ವರ್ಷ ಆಗಿ ಇನ್ನೂ ಮೂರ್ತಿಯ ತಿದ್ದುಪಡಿನೇ ನಡೀತಿದ್ರೆ ಅಡ್ವಾನ್ಸ್ ವಾಪಸ್ ಬರೋದಾದ್ರೆ ತಗೊಂಡು ಬಿಡ್ತೀನಿ, ಗೊಂಬೆ ಬಂದಾಗ ಕೊಂಡ್ರಾಯ್ತು.

ವಾಪಸ್ ಬರುತ್ತಾ ಇಲ್ವಾ ಅನ್ನೋದು ಆರ್ಡರ್ ಕೊಡೋ ದಿನಾನೇ ಬರೆದಿರುತ್ತೆ, ನಾವು ಓದಿರಲ್ಲ ಅಷ್ಟೇ. ಇನ್ನೊಂದು ಕಿವಿಮಾತು, ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ಕೊಡಲೇಬೇಕಾದ್ರೆ ಕಾರ್ಡಲ್ಲಿ ಕೊಡಿ, ಗೊಂಬೆ ಬರದಿದ್ರೆ ಬ್ಯಾಂಕಿಗೆ ತಕರಾರು ಹಾಕಬಹುದು, ಆದ್ರೆ ಆ ತಕರಾರಿಗೂ ಗಡುವು ಅಂತ ಇರುತ್ತೆ, ದಿನಾಂಕ ಮುಂದೆ ಹೋಗ್ತಾ ಹೋಗ್ತಾ ಆ ಗಡುವು ದಾಟಿಬಿಟ್ರೆ ಬ್ಯಾಂಕಿನವರೂ ಕೈ ಎತ್ತುತ್ತಾರೆ. ಹಾಗಾಗಿ ಎರಡನೇ ಸಲ ದಿನಾಂಕ ಬದಲಾದ ಕೂಡ್ಲೇ ಬ್ಯಾಂಕಿಗೆ ಒಂದು ಫೋನ್ ಮಾಡಿ ಗಡುವು ಕೇಳಿಟ್ಕೊಳ್ಳಿ.

ಪ್ರಶ್ನೆ: ಆರ್ಡರ್ ಮಾಡಿದಾಗ ಒಂದು ಬೆಲೆ, ಈಗ ಗೊಂಬೆ ಹೊರಡೋ ಹೊತ್ತಿಗೆ ಇನ್ನೊಂದು ಬೆಲೆ. ಇದು ನ್ಯಾಯನಾ?
— ಮಾತಿಗೆ ತಪ್ಪದವ

ಉತ್ತರ: ನ್ಯಾಯ ಅಲ್ಲ, ಆದ್ರೆ ಯಾಕಾಗುತ್ತೆ ಅಂತ ಹೇಳಬಹುದು. ಬೆಲೆ ಕಟ್ಟಿದ ದಿನಕ್ಕೂ ಹಡಗು ಹತ್ತಿಸೋ ದಿನಕ್ಕೂ ಎರಡು ವರ್ಷ ಅಂತರ ಇದ್ರೆ ಆ ನಡುವೆ ಕೂಲಿ, ಬಾಡಿಗೆ, ಸುಂಕ ಎಲ್ಲಾ ಬದಲಾಗಿರುತ್ತೆ. 2025ರಲ್ಲಿ ಅಮೆರಿಕದವರು ಅನುಭವಿಸಿದ್ದು ಇದೇ, ಏಪ್ರಿಲಲ್ಲಿ ಚೀನಾ ಸಾಮಾನಿನ ಮೇಲಿನ ಹೊಸ ಸುಂಕ ಏರಿ ಏರಿ 145 ಪರ್ಸೆಂಟ್ ಮುಟ್ಟಿತು, ಮೇ ತಿಂಗಳಲ್ಲಿ 30ಕ್ಕೆ ಇಳೀತು. ಆ ಹೊತ್ತಲ್ಲಿ ಗೊಂಬೆ ಸಮುದ್ರದ ಮಧ್ಯೆ ಇದ್ದಿದ್ರೆ ಕಂಪನಿಯವರಿಗೆ ಬಂದರಲ್ಲಿ ಎಷ್ಟು ಕಟ್ಟಬೇಕು ಅಂತಾನೇ ಗೊತ್ತಿರ್ತಿರಲಿಲ್ಲ. ಮೇಲೆ ಹೇಳಿದ ಲೆಕ್ಕದಲ್ಲಿ ಅವರ ಹತ್ರ ಉಳಿಯೋದು 12 ಅಂದ್ನಲ್ಲ, ಸುಂಕ ಅದನ್ನೇ ನುಂಗುತ್ತೆ.

ಹಾಗಂತ ಆಡಿದ ಮಾತು ಮಾತೇ. ಒಳ್ಳೆ ಕಂಪನಿ ಹಳೇ ಆರ್ಡರಿಗೆ ಹಳೇ ಬೆಲೆ ಇಟ್ಟು ಹೊಸಬರಿಗೆ ಏರಿಸುತ್ತೆ, ಇಲ್ಲಾ ಕಾರಣ ಬಿಡಿಸಿ ಹೇಳಿ "ಬೇಡ ಅಂದ್ರೆ ಅಡ್ವಾನ್ಸ್ ತಗೊಳ್ಳಿ" ಅನ್ನುತ್ತೆ. ಏನೂ ಹೇಳದೆ ಬಿಲ್ಲಲ್ಲಿ ಸದ್ದಿಲ್ಲದೆ ಸೇರಿಸೋರ ಹತ್ರ ಎರಡನೇ ಸಲ ಹೋಗಬೇಡಿ.

ಪ್ರಶ್ನೆ: ಗೊಂಬೆ ತೂಕ ನಾಲ್ಕು ಕೆಜಿ ಇಲ್ಲ, ಕೊರಿಯರಿನವರು 21 ಕೆಜಿಗೆ ಚಾರ್ಜ್ ಹಾಕಿದ್ದಾರೆ! ತಕ್ಕಡಿ ಕೆಟ್ಟಿದೆಯಾ?
— ತೂಕದ ಮನುಷ್ಯ

ಉತ್ತರ: ತಕ್ಕಡಿ ಸರಿ ಇದೆ, ಅವರು ತೂಗಿದ್ದು ಗಾಳಿನ. ಡಬ್ಬದ ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿದ್ರೆ ಬರೋದು ಕೊರಿಯರ್ ಲೆಕ್ಕದ ಕೆಜಿ. ನಿಮ್ಮ ಡಬ್ಬ 75, 40, 35 ಇದ್ದಿರಬೇಕು, ಗುಣಿಸಿ ನೋಡಿ, 1,05,000, ಭಾಗಿಸಿದ್ರೆ ಸರಿಯಾಗಿ 21. ಮುಂದಿನ ಸಲ ಆರ್ಡರ್ ಮಾಡೋಕೆ ಮುಂಚೆ ತೂಕ ಕೇಳಬೇಡಿ, ಡಬ್ಬದ ಅಳತೆ ಕೇಳಿ.

ಪ್ರಶ್ನೆ: ಕರ್ಮಿಟ್ ಮಾಡಿದ ಕಂಪನಿನೇ ಎಲ್ಮೋನೂ ಫ್ರ್ಯಾಗಲ್ ರಾಕ್ ಗೊಂಬೆಗಳನ್ನೂ ಒಂದೇ ಅಳತೇಲಿ ಮಾಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಎಲ್ಲಾ ಹೆನ್ಸನ್ ಗೊಂಬೆಗಳೇ ಅಲ್ವಾ?
— ಒಂದೇ ಸಾಲಲ್ಲಿ ನಿಲ್ಲಿಸೋ ಆಸೆಯವಳು

ಉತ್ತರ: ಹುಟ್ಟಿದ್ದು ಒಂದೇ ಮನೇಲಿ, ಈಗ ಅಣ್ಣತಮ್ಮಂದಿರು ಬೇರೆ ಬೇರೆ ಆಗಿದ್ದಾರೆ. ಮಪೆಟ್‌ಗಳನ್ನ 2004ರಲ್ಲಿ ಡಿಸ್ನಿ ಕೊಂಡ್ಕೊಳ್ತು, ಹಾಗಾಗಿ ಕರ್ಮಿಟ್ ಡಿಸ್ನಿ ಮನೆಯವನು. ಎಲ್ಮೋ, ಬಿಗ್ ಬರ್ಡ್, ಇವರೆಲ್ಲ ಸೆಸಮಿ ಸ್ಟ್ರೀಟ್ ಅನ್ನೋ ಮಕ್ಕಳ ಕಾರ್ಯಕ್ರಮ ಮಾಡೋ ಸೆಸಮಿ ವರ್ಕ್‌ಶಾಪ್‌ಗೆ ಸೇರಿದವರು. ಫ್ರ್ಯಾಗಲ್ ರಾಕ್ ಸರಣಿ ಮತ್ತೆ ಡಾರ್ಕ್ ಕ್ರಿಸ್ಟಲ್ ಸಿನಿಮಾ ಜಿಮ್ ಹೆನ್ಸನ್ ಕಂಪನಿ ಹತ್ರ ಉಳೀತು. ಮೂರು ಮನೆ ಅಂದ್ರೆ ಮೂರು ಲೈಸೆನ್ಸ್, ಮೂರು ಕನಿಷ್ಠ ಗ್ಯಾರಂಟಿ ಮೊತ್ತ, ಮೂರು ಕಡೆ ಒಪ್ಪಿಗೆ. ಗ್ಯಾರಂಟಿ ಅಂದ್ರೆ ಗೊಂಬೆ ಒಂದೂ ಮಾರಾಟ ಆಗದಿದ್ರೂ ಇಷ್ಟು ಕೊಡ್ತೀವಿ ಅಂತ ಬರೆದುಕೊಡೋದು, ಸಣ್ಣ ಕಂಪನಿಗೆ ಒಂದು ಕಡೆ ಕಟ್ಟೋಷ್ಟರಲ್ಲೇ ಸಾಕುಸಾಕಾಗಿರುತ್ತೆ. ಲೈಸೆನ್ಸಿಗೆ ಅವಧಿ ಅಂತಾನೂ ಇರುತ್ತೆ, ಗೊಂಬೆ ಡಿಲೇ ಆಗ್ತಾ ಆಗ್ತಾ ಅವಧಿ ಮುಗಿದ್ರೆ ಮತ್ತೆ ಬರೆಸ್ಬೇಕು, ಇಲ್ಲಾ ಗೊಂಬೆನೇ ಕೈಬಿಡಬೇಕು. ಘೋಷಣೆ ಆಗಿ ಆಮೇಲೆ ಸುದ್ದಿನೇ ಇಲ್ಲದ ಗೊಂಬೆಗಳಲ್ಲಿ ಕೆಲವು ಹೋಗಿದ್ದು ಈ ದಾರೀಲೇ.

ಪ್ರಶ್ನೆ: "ಲೈಫ್ ಸೈಜ್" ಯೋಡಾ ಎರಡು ಕಂಪನಿಯದ್ದು ನೋಡಿದೆ, ಎರಡರ ಮುಖಾನೂ ಬೇರೆ. ಯಾವುದು ಸರಿ?
— ಗೊಂದಲದ ಗೂಡು

ಉತ್ತರ: ಎರಡೂ ಸರಿ ಇರಬಹುದು. 1980ರ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್‌ಗೆ ಸ್ಟುವರ್ಟ್ ಫ್ರೀಬಾರ್ನ್ ಮಾಡಿದ ಯೋಡಾನೇ ಬೇರೆ, 1999ರ ಸ್ಟಾರ್ ವಾರ್ಸ್ ಸಿನಿಮಾಕ್ಕೆ ಮಾಡಿದ ಗೊಂಬೆ ಮುಖಾನೇ ಬೇರೆ. ಗಿಜ್ಮೋಗೂ ಹಾಗೇ, 1984ರ ಸಿನಿಮಾಕ್ಕೆ ಚಿಕ್ಕ ಗೊಂಬೆಗಳೂ ಇದ್ವು, ಹತ್ತಿರದ ಶಾಟಿಗೆ ಅಂತ ದೊಡ್ಡ ತಲೆನೂ ಇತ್ತು. ಯಾವುದನ್ನ ನೋಡ್ಕೊಂಡು ಮಾಡಿದ್ದು ಅಂತ ಕಂಪನಿಯವರು ಬಾಯಿಬಿಟ್ಟು ಹೇಳಿಲ್ಲ ಅಂದ್ರೆ ಬೆಲೆ ಜಾಸ್ತಿ ಕೊಡೋಕೆ ಕಾರಣ ಇಲ್ಲ.

ಪ್ರಶ್ನೆ: ಹೊಸದಕ್ಕೆ ಕಾಯೋದು ಬೇಡ ಅಂತ ಹದಿನೈದು ವರ್ಷ ಹಳೇ ರೆಪ್ಲಿಕಾ ಒಂದನ್ನ ಮೂಲ ಬೆಲೆಯ ಎರಡರಷ್ಟಕ್ಕೆ ಕೇಳ್ತಿದ್ದೀನಿ, ಡಬ್ಬ ಒಡೆದೇ ಇಲ್ವಂತೆ. ತಗೊಳ್ಲಾ?
— ಆತುರಗಾರ

ಉತ್ತರ: ಡಬ್ಬ ಒಡೆದಿಲ್ಲ ಅಂತಾನೇ ನನಗೆ ಭಯ. ಗೊಂಬೆ ಒಳಗಿನ ಪಾಲಿಯುರೆಥೇನ್ ಫೋಮು ಶಾಶ್ವತ ಅಲ್ಲ, ಗಾಳಿಯ ತೇವ, ಬಿಸಿ, ಬೆಳಕು ಸೇರಿ ನಿಧಾನಕ್ಕೆ ತಿಂದುಹಾಕುತ್ತೆ, ಮೊದಲು ಅಂಟಂಟಾಗುತ್ತೆ, ಆಮೇಲೆ ಮುಟ್ಟಿದ್ರೆ ಪುಡಿ. ಫೋಮ್ ಲೇಟೆಕ್ಸ್ (ಸ್ಪಾಂಜಿನ ಥರದ ಮೆತ್ತನೆ ರಬ್ಬರು) ಚರ್ಮ ಇದ್ರೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತೆ. ಸಿನಿಮಾದಲ್ಲಿ ಬಳಸಿದ ಮೂಲ ಗೊಂಬೆಗಳನ್ನೇ ಉಳಿಸ್ಕೊಳೋಕೆ ಮ್ಯೂಸಿಯಮ್ಮಿನವರು ಒದ್ದಾಡ್ತಾರೆ. ಇನ್ನು ಡಬ್ಬದಲ್ಲಿ ತಲೆ ಒಂದೇ ಮಗ್ಗುಲಿಗೆ ಒತ್ತಿಕೊಂಡು ಹದಿನೈದು ವರ್ಷ ಇದ್ರೆ ಕೆನ್ನೆ ಚಪ್ಪಟೆ ಆಗಿದ್ರೂ ಆಶ್ಚರ್ಯ ಇಲ್ಲ.

ಡಬ್ಬ ಬಿಚ್ಚಿ ಫೋಟೋ ಕಳಿಸಿ ಅನ್ನಿ. ಬಿಚ್ಚಲ್ಲ ಅಂದ್ರೆ ಬೇಡ. ಬಿಚ್ಚಿದ್ರೆ ಮೂರು ಜಾಗ ನೋಡಿ: ಕುತ್ತಿಗೆ, ಬಾಯಿ ಮೂಲೆ, ಡಬ್ಬದ ತಳ. ತಳದಲ್ಲಿ ಹಳದಿ ಪುಡಿ ಉದುರಿದ್ರೆ ಒಳಗೆ ಕೆಲಸ ಕೆಟ್ಟಿದೆ ಅಂತಾನೇ ಅರ್ಥ. ಡಬ್ಬ ತೆರೆದಾಗ ಕಟುವಾದ ವಾಸನೆ ಬಂತಾ ಅಂತಾನೂ ಕೇಳಿ, ಮಾರೋರು ಇದಕ್ಕೆ ಸುಳ್ಳು ಹೇಳೋದು ಕಮ್ಮಿ, ಯಾಕೆ ಕೇಳ್ತಿದ್ದಾರೆ ಅಂತ ಅವರಿಗೆ ಹೊಳೆಯಲ್ಲ. ಇನ್ನೊಂದು ವಿಷಯ, ಹೊಸ ಆವೃತ್ತಿ ಘೋಷಣೆ ಆದ್ಮೇಲೆ ಹಳೇದರ ಬೆಲೆ ಇಳಿಯುತ್ತೆ, ಹೊಸದು ಡಿಲೇ ಅಂತ ಸುದ್ದಿ ಬಂದ ಕೂಡ್ಲೇ ಮತ್ತೆ ಏರುತ್ತೆ. ನೀವು ಈಗ ಕೇಳ್ತಿರೋದು ಏರಿದ ಹೊತ್ತಲ್ಲಿ.

ಪ್ರಶ್ನೆ: "ಲಿಮಿಟೆಡ್ ಎಡಿಷನ್" ಅಂದ್ರೆ ನಿಜವಾಗ್ಲೂ ಲಿಮಿಟೆಡ್ಡಾ?
— ಸಂಶಯಾತ್ಮ

ಉತ್ತರ: ನಂಬರ್ ಬರೆದಿದ್ರೆ ಹೌದು. ನಂಬರ್ ಇಲ್ಲದೆ ಬರೀ ಲಿಮಿಟೆಡ್ ಅಂತಿದ್ರೆ, ಮಾರಾಟ ಆಗೋಷ್ಟಕ್ಕೆ ಲಿಮಿಟೆಡ್.

ಪ್ರಶ್ನೆ: ಡಿಲೇ ಆದ್ರೂ ಪರವಾಗಿಲ್ಲ, ಕ್ವಾಲಿಟಿ ಚೆನ್ನಾಗಿ ಬರುತ್ತೆ ಅಂತ ಸಮಾಧಾನ ಮಾಡ್ಕೊಂಡಿದ್ದೀನಿ. ಸರಿ ತಾನೇ?
— ಆಶಾವಾದಿ

ಉತ್ತರ: ನಾನೂ ಹಾಗೇ ಅಂದ್ಕೊಂಡಿದ್ದೆ. ನನ್ನದೊಂದು ಕೈಗೊಂಬೆ ರೆಪ್ಲಿಕಾ, ಕಂಪನಿ ಹೆಸರು ಬೇಡ ಬಿಡಿ, ಹೇಳಿದ ದಿನಕ್ಕಿಂತ ಇಪ್ಪತ್ತೆರಡು ತಿಂಗಳು ತಡವಾಗಿ ಬಂತು. ಡಬ್ಬ ದೊಡ್ಡದು, ಒಳಗೆ ಇನ್ನೊಂದು ಡಬ್ಬ, ಅದರೊಳಗೆ ತೆಳು ಕಾಗದ, ನಂಬರ್ ಬರೆದ ಕಾರ್ಡು, ಎಲ್ಲಾ ಭರ್ಜರಿ. ಎತ್ತಿ ಮೇಜಿನ ಮೇಲೆ ಕೂರಿಸಿದೆ. ಹೊಲಿಗೆ ಕಾಣಲ್ಲ, ಬಣ್ಣ ಸರಿ, ಬೆರಳು ಸರಿ. ಆದ್ರೂ ಏನೋ ಸರಿ ಇಲ್ಲ. ಎದುರಿಗೆ ಕೂತ್ರೂ ಅದು ನನ್ನ ನೋಡ್ತಾ ಇಲ್ಲ, ನನ್ನ ಕಿವಿ ಪಕ್ಕದಿಂದ ಹಿಂದಿನ ಗೋಡೆ ಗಡಿಯಾರ ನೋಡ್ತಿದೆ. ಎಡಕ್ಕೆ ಸರಿದೆ, ಆಗ ಕಪಾಟು ನೋಡ್ತು. ಆಮೇಲೆ ಸ್ಕೇಲ್ ಇಟ್ಟು ಅಳೆದ್ರೆ ಬಲಗಣ್ಣಿನ ಕರಿ ಬೊಟ್ಟು ಎರಡು ಮಿಲಿಮೀಟರ್ ಹೊರಗಡೆ ಇದೆ. ಎರಡೇ ಮಿಲಿಮೀಟರ್!

ಈ ಎರಡು ಮಿಲಿಮೀಟರೇ ಗೊಂಬೆ ಸ್ವಾಮಿ. ಹೆನ್ಸನ್ ಜೊತೆಗಿದ್ದ ಡಾನ್ ಸಾಲಿನ್ ಅನ್ನೋ ಕಲಾವಿದರು ಕಣ್ಣು ಮೂಗುಗಳ ನಡುವೆ ಒಂದು ತ್ರಿಕೋನ ನೋಡ್ಕೊಂಡು ಕಣ್ಣು ಇಡ್ತಿದ್ರು, ಎರಡೂ ಬೊಟ್ಟು ಸ್ವಲ್ಪ ಒಳಮುಖ, ಚೂರು ಮಾಲುಗಣ್ಣು ಅನ್ನೋ ಹಾಗೆ, ಆಗ್ಲೇ ಗೊಂಬೆ ಎದುರಿಗಿರೋದನ್ನ ನಿಜವಾಗಿ ನೋಡ್ತಿದೆ ಅನ್ಸೋದು. ಹೊರಗೆ ಹೋಯ್ತೋ, ಪ್ರಾಣ ಹೋಯ್ತು. ಕಂಪನಿಗೆ ಫೋಟೋ ಸಮೇತ ಬರೆದೆ, "ಕೈಕೆಲಸದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸಹಜ" ಅಂತ ಉತ್ತರ ಬಂತು, ಬೇಕಾದ್ರೆ ವಾಪಸ್ ಕಳಿಸಿ ಅಂದ್ರು, ಸಾಗಣೆ ಖರ್ಚು ನನ್ನದೇ ಅಂತೆ, ಅದೇ 5000ದಿಂದ ಭಾಗಿಸೋ ಲೆಕ್ಕ. ಕೊನೆಗೆ ಹೇರ್ ಡ್ರೈಯರ್ ತಗೊಂಡು ದೂರದಿಂದ ಬಿಸಿ ಕೊಟ್ಟು, ಅಂಟು ಸಡಿಲ ಆದ್ಮೇಲೆ ಟೂತ್‌ಪಿಕ್ಕಲ್ಲಿ ಬೊಟ್ಟನ್ನ ತಳ್ಳಿ, ಉಸಿರು ಬಿಗಿ ಹಿಡ್ಕೊಂಡು ನಾನೇ ಸರಿ ಮಾಡಿದೆ. ನಿಮಗೆ ಹೇಳಲ್ಲ ಮಾಡಿ ಅಂತ, ಫೋಮಿಗೆ ಬಿಸಿ ತಾಗಿದ್ರೆ ಕೆಟ್ಟೋಗುತ್ತೆ, ನನ್ನ ಅದೃಷ್ಟ.

ಹಾಗಾಗಿ ತಡ ಆದ್ರೆ ಚೆನ್ನಾಗಿರುತ್ತೆ ಅನ್ನೋದು, ತಡ ಯಾಕಾಯ್ತು ಅನ್ನೋದರ ಮೇಲೆ ಹೋಗುತ್ತೆ. ಸ್ಯಾಂಪಲ್ ತಿರಸ್ಕರಿಸಿ ಮತ್ತೆ ಮಾಡಿಸಿದ್ದಕ್ಕೆ ತಡ ಆಗಿದ್ರೆ ಒಳ್ಳೇದು. ಬಂದರಲ್ಲಿ ಕೊಳೀತಾ ಇದ್ದಿದ್ರೆ ಆ ತಡದಿಂದ ಒಂದು ಹೊಲಿಗೆನೂ ನೆಟ್ಟಗಾಗಲ್ಲ. ಬಂದ ದಿನವೇ ಡಬ್ಬ ಬಿಚ್ಚಿ, ಬಿಚ್ಚುವಾಗ ವಿಡಿಯೋ ಮಾಡಿ, ಎದುರಿಗೆ ಕೂತು ಅದು ನಿಮ್ಮನ್ನ ನೋಡ್ತಿದೆಯಾ ಅಂತ ನೋಡಿ.

ಪ್ರಶ್ನೆ: ಲೈಸೆನ್ಸ್ ಇಲ್ಲದೆ ಅಭಿಮಾನಿಗಳೇ ಮಾಡಿ ಮಾರೋ ಗೊಂಬೆ ಬೇಗ ಸಿಗುತ್ತೆ, ಕಮ್ಮಿಗೂ ಸಿಗುತ್ತೆ. ಯಾಕೆ ತಗೋಬಾರ್ದು?
— ಅಡ್ಡದಾರಿ

ಉತ್ತರ: ಕೆಲವರ ಕೈಚಳಕ ಕಂಪನಿಯವರಿಗಿಂತ ಚೆನ್ನಾಗಿರುತ್ತೆ, ಒಪ್ಪುತ್ತೀನಿ. ಆದ್ರೆ ಹಕ್ಕುದಾರರು ಒಂದು ನೋಟಿಸ್ ಕಳಿಸಿದ್ರೆ ಅವರ ಅಂಗಡಿ ಅವತ್ತೇ ಬಂದ್, ನಿಮ್ಮ ಅಡ್ವಾನ್ಸ್ ಆಗ ಯಾರನ್ನ ಕೇಳ್ತೀರಿ? ಬೇಗ ಸಿಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ, ಒಬ್ಬರೇ ಕೂತು ಮಾಡೋದು ಅಂದ್ರೆ ಅವರಿಗೆ ಜ್ವರ ಬಂದ್ರೆ ಇಡೀ ಫ್ಯಾಕ್ಟರಿಗೇ ರಜೆ. ಗೊಂಬೆ ಮಾಡೋದು ಕಲಿಯೋ ಆಸೆ ಇದ್ರೆ ನೀವೇ ಒಂದು ಹೊಲಿದು ನೋಡಿ, ಮೊದಲ ಬಾಯಿ ಕೂಡಿಸೋಷ್ಟರಲ್ಲೇ ಬೆಲೆ ಬಗ್ಗೆ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತೆ.

ಪ್ರಶ್ನೆ: ಇಷ್ಟೆಲ್ಲಾ ಬುದ್ಧಿ ಹೇಳ್ತೀರಲ್ಲ, ನಿಮ್ಮ ಹತ್ರ ಈಗ ಬಾಕಿ ಇರೋ ಪ್ರೀ-ಆರ್ಡರ್ ಎಷ್ಟು?
— ಕೆಣಕೋನು

ಉತ್ತರ: ಎರಡು. ಒಂದು ಸ್ಯಾಂಪಲ್ ಹಂತದಲ್ಲಿದೆ, ಫೋಟೋ ಬಂದಿದೆ, ಪಕ್ಕದಲ್ಲಿ ಅಳತೆಗೋಲೂ ಇದೆ. ಇನ್ನೊಂದರ ದಿನಾಂಕ ಈ ಉತ್ತರ ಬರೀತಿರೋ ಬೆಳಗ್ಗೆನೇ ಮತ್ತೆ ಮುಂದಕ್ಕೆ ಹೋಯ್ತು, ವರ್ಷದ ಮೊದಲ ಮೂರು ತಿಂಗಳಲ್ಲಿ ಅಂತ ಬರೆದಿದ್ದಾರೆ.